ಗದುಗಿನ ಸೀಮೆಯ ಪುರುಷನಾಮಗಳು

ಶ್ರೀಮಠದ ಜಾತ್ರೆಯ ದಿವಸ ಪ್ರಸಾದದ ಪಂಕ್ತಿಯಲ್ಲಿ ಕುಳಿತ ಭಕ್ತರ ಹೆಸರುಗಳನ್ನು ಒಂದೊಂದಾಗಿ ಕೇಳುತ್ತ ಹೋದರೆ ಈ ನಾಡಿನ ಸಾವಿರ ವರ್ಷಗಳ ಚರಿತ್ರೆಯ ಬಹುಭಾಗವು ಕಿವಿಗೆ ಬೀಳುವದು. ಬಸಪ್ಪ, ಸೋಮಪ್ಪ, ಫಕೀರಪ್ಪ, ಅಂದಾನಪ್ಪ, ಈರಪ್ಪ, ನಿಂಗಪ್ಪ, ತಿಪ್ಪಣ್ಣ, ಕೆಂಚನಗೌಡ, ಗದಿಗೆಯ್ಯ ಇವೇ ಮೊದಲಾದ ಹೆಸರುಗಳು ನಿತ್ಯದ ಬಳಕೆಯಿಂದ ಸವೆದು ಹೋಗಿರುವದರಿಂದ ಅವುಗಳ ಅರ್ಥವೇನು, ಅವು ಎಲ್ಲಿಂದ ಬಂದವು ಎಂಬುದರ ಕಡೆಗೆ ಲಕ್ಷ್ಯವೇ ಹೋಗುವದಿಲ್ಲ. ಕಲ್ಲಿನ ಮೇಲಿನ ಶಾಸನಗಳನ್ನು ಓದಿ ಚರಿತ್ರೆಯನ್ನು ತಿಳಿಯುವಂತೆ, ಜೀವಂತ ಮನುಷ್ಯರು ಹೊತ್ತು ತಿರುಗುವ ಈ ಶಾಸನಗಳನ್ನೂ ಓದತಕ್ಕದ್ದಾಗಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ಸ್ಥಳಗಳ ಪುರುಷನಾಮಗಳನ್ನೇ ಮುಖ್ಯವಾಗಿ ಹಿಡಿದು, ಬೇಕಾದಲ್ಲಿ ಪರದೇಶಗಳ ಹೆಸರುಗಳನ್ನೂ ಪಕ್ಕಕ್ಕಿಟ್ಟು, ಇಲ್ಲಿ ವಿವೇಚಿಸಲಾಗಿದೆ.

ಮಗುವಿಗೆ ಹೆಸರಿಡುವದು ನಮ್ಮ ಮನೆಗಳಲ್ಲಿ ಹೆಂಗಸರ ಹಬ್ಬ. ತೊಟ್ಟಿಲು ಕಟ್ಟಿ, ಗುಗ್ಗರಿ ಹಂಚಿ, ಸೋದರತ್ತೆಯು ಕೂಸಿನ ಕಿವಿಯಲ್ಲಿ ಹೆಸರನ್ನು ಉಸುರುವಳು. ಹೆಸರು ಮಾತ್ರ ಬಹುಮಟ್ಟಿಗೆ ಗಂಡಸರ ಸಾಲಿನಿಂದ ಬರುವದು; ತೀರಿಕೊಂಡ ಅಜ್ಜನ ಹೆಸರು ಮೊಮ್ಮಗನಿಗೆ ಸಲ್ಲುವದು ಇಲ್ಲಿಯ ರೂಢಿ. ಪುರಾತನ ಯವನರಲ್ಲಿಯೂ ಹಿರಿಯ ಮಗನಿಗೆ ತಂದೆಯ ತಂದೆಯ ಹೆಸರಿಡುವ ಪದ್ಧತಿಯಿತ್ತು. ನಮ್ಮಲ್ಲಿ ಇದರಿಂದ ಒಂದು ವಿನೋದವಾದ ಇಕ್ಕಟ್ಟು ಹುಟ್ಟುವದು. ಮಾವನ ಹೆಸರನ್ನು ಬಾಯಿಂದ ಅನ್ನಬಾರದೆಂಬ ನೇಮವುಳ್ಳ ಸೊಸೆಯು ತಾನು ಹೆತ್ತ ಮಗನನ್ನೇ ಹೆಸರಿನಿಂದ ಕರೆಯಲಾರದೆ ಅಪ್ಪೂ ಎಂದೋ ತಮ್ಮಾ ಎಂದೋ ಕರೆದು ಕಾಲ ಕಳೆಯುವಳು. ಹೀಗಾಗಿ ಹೆಸರೊಂದು ಮನೆಯಲ್ಲಿ ಮೂವತ್ತು ನಲವತ್ತು ವರ್ಷ ಮೌನವಾಗಿದ್ದು, ಆ ಸೊಸೆಯ ಮೊಮ್ಮಕ್ಕಳ ಕಾಲಕ್ಕೆ ಮತ್ತೆ ಬಾಯಿಗೆ ಬಂದ ಉದಾಹರಣೆಗಳೂ ಉಂಟು.

ಜಗತ್ತಿನ ಪುರುಷನಾಮಗಳಲ್ಲಿ ಮಗುವು ದೇವರ ಕೊಡುಗೆಯೆಂಬ ಭಾವವನ್ನು ಹೇಳುವ ಹೆಸರುಗಳ ವರ್ಗವು ಬಲು ದೊಡ್ಡದು. ಸಂಸ್ಕೃತದ ದೇವದತ್ತ, ಯವನರ ಥಿಯೊಡೋರ, ಹಿಬ್ರೂ ಜನರ ನತಾನಿಯೇಲ, ಪಾರಸಿಕರ ಖುದಾಬಕ್ಷ, ಸ್ಲಾವ ಜನಾಂಗದವರ ಬೊಗ್ದಾನ ಈ ಐದೂ ಹೆಸರುಗಳ ಅರ್ಥ ಒಂದೇ. ಒಬ್ಬರ ಭಾಷೆಯನ್ನು ಇನ್ನೊಬ್ಬರು ಅರಿಯದ ತಾಯಿತಂದೆಗಳು ಒಂದೇ ಮಾತನ್ನಾಡಿದ್ದಾರೆ. ಕನ್ನಡಿಗರ ದಾರಿ ಇದಕ್ಕೆ ತುಸು ಬೇರೆ. ದೇವರು ಕೊಟ್ಟನೆಂದು ಹೇಳುವದಕ್ಕಿಂತ ದೇವರ ಹೆಸರನ್ನೇ ಮಗುವಿಗಿಟ್ಟು, ಅದರ ಮುಂದೆ ಅಪ್ಪ, ಅಣ್ಣ, ಅಯ್ಯ ಎಂಬ ಬಳಗದ ಮಾತನ್ನು ಜೋಡಿಸುವದು ಇಲ್ಲಿಯ ಕ್ರಮ. ತೊಟ್ಟಿಲಲ್ಲಿಯ ಕೂಸು ಹುಟ್ಟಿದ ಹದಿಮೂರನೆಯ ದಿನಕ್ಕೇ ಅಪ್ಪನಾಗುವನು! ಈ ಅಪ್ಪ ಪ್ರತ್ಯಯವು ಯಾವ ಒಂದು ಮತದವರ ಸ್ವತ್ತೂ ಅಲ್ಲ. ಲಕ್ಕುಂಡಿಯಲ್ಲಿ ೧೦೦೭ರ ಶಾಸನದಿಂದ ಪ್ರಸಿದ್ಧಳಾದ ದಾನಚಿಂತಾಮಣಿ ಅತ್ತಿಮಬ್ಬೆಯ ತಂದೆ ಮಲ್ಲಪ. ಅವನ ತಮ್ಮ ಪೊನ್ನಮಯ್ಯ. ಇವರು ಜೈನರು. ಶರಣರು ಹುಟ್ಟುವದಕ್ಕೆ ನೂರೈವತ್ತು ವರ್ಷ ಮೊದಲೇ ಅಪ್ಪನೂ ಅಯ್ಯನೂ ಈ ಮಣ್ಣಿನ ಹೆಸರುಗಳ ಬಾಲದಲ್ಲಿ ಕುಳಿತಿದ್ದರು.

ಲಕ್ಷ್ಮೇಶ್ವರದಿಂದಲೇ ವಿಚಾರವನ್ನು ಮುಂದುವರಿಸುವದು ಯೋಗ್ಯ. ಯಾಕಂದರೆ ಪಂಪನಂಥ ಕವಿಯೇ ಇಲ್ಲಿಯ ಕನ್ನಡವನ್ನು ತಿರುಳ್ಗನ್ನಡವೆಂದು ಮೆಚ್ಚಿಕೊಂಡನು. ಆಗ ಈ ಊರು ಪುಲಿಗೆರೆ. ಹಳಗನ್ನಡದ ಪಕಾರವು ಕಾಲಾಂತರದಲ್ಲಿ ಹಕಾರವಾದುದರಿಂದ ಪುಲಿಗೆರೆಯು ಹುಲಿಗೆರೆಯಾಯಿತು. ಊರಿಗೆ ಆದುದೇ ಮನುಷ್ಯರ ಹೆಸರುಗಳಿಗೂ ಆಯಿತು. ಹತ್ತನೆಯ ಶತಮಾನದ ಕವಿ ಪೊನ್ನ. ಅದೇ ಹೆಸರು ಹನ್ನೆರಡನೆಯ ಶತಮಾನದ ಹೊತ್ತಿಗೆ ಇದೇ ಹುಲಿಗೆರೆಯಲ್ಲಿ ಹೊನ್ನಯ್ಯನಾಗಿದೆ. ಸೋಮನಾಥನ ಪೂಜೆಗೆ ಅಗ್ಘವಣಿಯನ್ನು, ಅಂದರೆ ಪೂಜೆಯ ನೀರನ್ನು, ತರುವದನ್ನೇ ಕಾಯಕವಾಗಿ ಮಾಡಿಕೊಂಡ ಅಗ್ಘವಣಿ ಹೊನ್ನಯ್ಯನು ವಚನಕಾರನು; ಹುಲಿಗೆರೆಯ ಸೋಮನಾಥನೇ ಅವನ ಅಂಕಿತ. ಹೆಸರಿನ ಅರ್ಥ ಚಿನ್ನ, ಹೊತ್ತದ್ದು ನೀರಿನ ಕೊಡ. ಪಂಪ ಎಂಬ ಹೆಸರೂ ಹಾಗೆಯೇ ಹಂಪಯ್ಯ, ಹಂಪಣ್ಣ ಎಂದು ರೂಪಾಂತರ ಹೊಂದಿ ಇಂದಿಗೂ ತುಂಗಭದ್ರೆಯ ದಂಡೆಯ ಊರುಗಳಲ್ಲಿ ಬಾಳುತ್ತಿದೆ.

ಸೌರಾಷ್ಟ್ರದಿಂದ ವ್ಯಾಪಾರಕ್ಕಾಗಿ ಬಂದ ಆದಯ್ಯನು ಸೋಮನಾಥನನ್ನು ಪುಲಿಗೆರೆಗೆ ತಂದು ಸ್ಥಾಪಿಸಿದ ಕಥೆಯನ್ನು ಹರಿಹರನು ರಗಳೆಯಲ್ಲಿಯೂ ರಾಘವಾಂಕನು ಸೋಮನಾಥಚಾರಿತ್ರದಲ್ಲಿಯೂ ಹೇಳಿರುವರು. ಅಂದಿನಿಂದ ಸೋಮಪ್ಪ, ಸೋಮಣ್ಣ, ಸೋಮಶೇಖರರಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ. ಸೋಮನೆಂದರೆ ಚಂದ್ರ, ಉಮೆಯೊಡನಿರುವವನೆಂದು ಒಡೆದು ಅರ್ಥ ಹೇಳುವದು ಶೈವರ ಸಂಪ್ರದಾಯ. ಸೋಮವಾರ ಹುಟ್ಟಿದವನು ಸೋಮಪ್ಪನೆಂದು ಕೆಲವರು ತಿಳಿಯುವದುಂಟು. ವಾರದಿಂದ ಹೆಸರಿಡುವ ಪದ್ಧತಿಯು ನಿಜವಾಗಿ ಕಾಣುವದು ಆಫ್ರಿಕಾಖಂಡದ ಘಾನಾದೇಶದ ಅಕಾನ ಜನರಲ್ಲಿ: ಶುಕ್ರವಾರ ಹುಟ್ಟಿದ ಗಂಡು ಕೋಫಿ, ಶನಿವಾರ ಹುಟ್ಟಿದವನು ಕ್ವಾಮೆ. ೧೯೫೭ರಲ್ಲಿ ಆ ದೇಶವು ಸ್ವತಂತ್ರವಾದಾಗ ಅದರ ಮುಂದಾಳಾಗಿದ್ದ ಕ್ವಾಮೆ ಎನ್‌ಕ್ರುಮಾ ಅವರ ಹೆಸರಿನಲ್ಲಿಯೇ ಅವರು ಹುಟ್ಟಿದ ವಾರವು ಅಡಗಿತ್ತು. ನಮ್ಮ ಸೋಮಪ್ಪನು ಮಂಗಳವಾರ ಹುಟ್ಟಿದರೂ ಸೋಮಪ್ಪನೇ. ಅವನು ದೇವರ ಒಕ್ಕಲು, ವಾರದ ಒಕ್ಕಲಲ್ಲ.

ಗದುಗಿನಲ್ಲಿ ವೀರನಾರಾಯಣನೂ ತ್ರಿಕೂಟೇಶ್ವರನೂ ನೆರೆಹೊರೆಯವರು. ಭಾರತವನ್ನು ಕನ್ನಡಿಸಿದ ಕುಮಾರವ್ಯಾಸನ ಮನೆಯ ಹೆಸರು ನಾರಣಪ್ಪ. ನಾರಾಯಣ ಎಂಬ ಸಂಸ್ಕೃತ ಶಬ್ದವನ್ನು ನಾಲಗೆಗೆ ಒಗ್ಗಿಸಿ, ಅಪ್ಪನನ್ನು ಹಚ್ಚಿದ ರೂಪವದು. ಆ ಹೆಸರಿನ ಸಂಸ್ಕೃತ ರೂಪವೇ ಶತಮಾನಗಳ ತರುವಾಯ ಇದೇ ಗದುಗಿನಲ್ಲಿ ಏಕೀಕರಣದ ನಾಡಗೀತವನ್ನು ಬರೆದ ಹುಯಿಲಗೋಳ ನಾರಾಯಣರಾಯರಲ್ಲಿ (೧೮೮೪-೧೯೭೧) ಕಾಣುವದು. ಲಿಂಗವಂತರ ಮನೆಗಳಲ್ಲಿಯಾದರೋ ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಪರಂಪರೆಯು ಡಂಬಳ-ಗದುಗಿನಲ್ಲಿ ನೆಲೆನಿಂತುದರಿಂದ ಸಿದ್ಧಲಿಂಗಪ್ಪ, ತೋಂಟಪ್ಪ, ತೋಂಟದಾರ್ಯ ಎಂಬ ಹೆಸರುಗಳು ಬಳಕೆಗೆ ಬಂದವು. ತೋಂಟವೆಂದರೆ ತೋಟವಷ್ಟೆ. ಯತಿಗಳು ತೋಟವೊಂದರಲ್ಲಿ ತಪಸ್ಸಿಗೆ ಕುಳಿತ ನೆನಪು ಮಕ್ಕಳ ಹೆಸರಾಗಿ ಉಳಿದಿದೆ.

ಡಂಬಳಕ್ಕೆ ಹೋದವರು ಅಲ್ಲಿಯ ಚಾಲುಕ್ಯಶಿಲ್ಪದ ಗುಡಿಯನ್ನು ದೊಡ್ಡಬಸಪ್ಪನ ಗುಡಿಯೆಂದು ಕರೆಯುವದನ್ನು ಕೇಳಿರಬಹುದು. ಗುಡಿಯೊಳಗಿನ ಲಿಂಗಕ್ಕಿಂತ ಎದುರಿಗೆ ಕುಳಿತ ದೊಡ್ಡ ನಂದಿಯೇ ಗುಡಿಗೆ ಹೆಸರಾಗಿ, ಆ ನಂದಿಯೂ ಮನೆಯ ಹಿರಿಯನಂತೆ ಅಪ್ಪನೆನಿಸಿದೆ. ಸಂಸ್ಕೃತದ ವೃಷಭವು ಪ್ರಾಕೃತದಲ್ಲಿ ವಸಹವಾಗಿ, ಕನ್ನಡದಲ್ಲಿ ಬಸವವಾಯಿತು. ಬಾಗೇವಾಡಿಯ ಮಹಾಪುರುಷನಿಂದ ಆ ಶಬ್ದಕ್ಕೆ ಬಂದ ಬೆಲೆಯನ್ನು ಈ ಗ್ರಂಥದ ವಾಚಕರಿಗೆ ಹೇಳಬೇಕಾದುದಿಲ್ಲ. ಒಂದು ಮಾತನ್ನು ಮಾತ್ರ ಗಮನಿಸಬೇಕು: ಎತ್ತು ಒಕ್ಕಲಿಗನ ಸಂಗಡಿಗ, ದುಡಿಯುವ ಪ್ರಾಣಿ. ರೋಮಕರ ಲಿಯೋ, ತುರ್ಕರ ಅರ್ಸ್ಲಾನ, ಅರಬರ ಅಸದ ಇವೆಲ್ಲ ಸಿಂಹಗಳು, ರಾಜಪುತ್ರರೂ ಸಿಂಹರೇ. ಉಳುವ ಪ್ರಾಣಿಯ ಹೆಸರನ್ನು ಇಷ್ಟು ಗೌರವದಿಂದ ಗಂಡುಮಕ್ಕಳಿಗೆ ಇಟ್ಟ ಜನರು ಜಗತ್ತಿನಲ್ಲಿ ವಿರಳ.

ಮುಂಡರಗಿಯ ಕಡೆಗೆ ಕಪ್ಪತಗುಡ್ಡದ ಮಲ್ಲಯ್ಯನು ಊರೂರಿಗೂ ಮಲ್ಲಪ್ಪರನ್ನು ಕೊಟ್ಟಿರುವನು. ಮಲ್ಲ ಎಂಬುದಕ್ಕೆ ಜಟ್ಟಿಯೆಂದು ಒಂದು ಅರ್ಥ. ಶ್ರೀಶೈಲದ ಮಲ್ಲಿಕಾರ್ಜುನನನ್ನು ಮಲ್ಲಿಗೆಯ ಹೂವಿನೊಡನೆ ಕೂಡಿಸುವದು ಎರಡನೆಯದು. ಮಲೆಯ ದೇವರೆಂಬುದು ಮೂರನೆಯದು. ಕಪ್ಪತಗುಡ್ಡದ ಕೆಳಗೆ ನಿಂತವನಿಗೆ ಮೂರನೆಯದೇ ಸರಿಯೆಂದು ತೋರಿದರೆ ಆಶ್ಚರ್ಯವಿಲ್ಲ. ಇದೇ ತಾಲೂಕಿನ ಹಮ್ಮಿಗೆಯ ಕೆಂಚನಗೌಡನು ೧೮೫೮ರಲ್ಲಿ ಮುಂಡರಗಿಯ ಭೀಮರಾಯನೊಡನೆ ಆಂಗ್ಲರ ವಿರುದ್ಧ ಎದ್ದು ಕೊಪ್ಪಳದ ಕೋಟೆಯ ಕಾಳಗದಲ್ಲಿ ಮಡಿದನು. ಕೆಂಚನೆಂದರೆ ಕೆಂಪು ಮೈಬಣ್ಣದವನು; ಲ್ಯಾಟಿನ ಭಾಷೆಯ ರೂಫಸ್ ಎಂಬ ಹೆಸರಿನ ಅರ್ಥವೂ ಕೆಂಪೆಂದೇ. ಭೀಮನೆಂದರೆ ಭಯಂಕರನು. ಒಬ್ಬನದು ಮಣ್ಣಿನ ಹೆಸರು, ಇನ್ನೊಬ್ಬನದು ಭಾರತದ ಹೆಸರು. ಕೋಟೆಯೊಳಗೆ ಇಬ್ಬರೂ ಒಂದೇ ಕಾಳಗದಲ್ಲಿ ಬಿದ್ದರು.

ಹಾಲಕೆರೆ-ಮುಂಡರಗಿಗಳ ಅನ್ನದಾನೀಶ್ವರ ಮಠಗಳಿಂದ ಹುಟ್ಟಿದ ಹೆಸರು ಅನ್ನದಾನಪ್ಪ, ಆಡುಮಾತಿನಲ್ಲಿ ಅಂದಾನಪ್ಪ. ದೇವರ ಶೌರ್ಯವನ್ನಾಗಲಿ ರೂಪವನ್ನಾಗಲಿ ಹೇಳದೆ ಹಸಿದವರಿಗೆ ಉಣ್ಣಿಕ್ಕುವ ಕೆಲಸವನ್ನೇ ಹೆಸರಾಗಿ ಮಾಡಿಕೊಂಡ ನಾಮವಿದು. ಬರಗಾಲಗಳ ಬಿಸಿಯುಂಡ ಈ ಎರಿಭೂಮಿಯಲ್ಲಿ ಅಂಥ ಹೆಸರು ಹುಟ್ಟಿದುದು ಸಹಜ. ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು (೧೯೦೮-೧೯೭೨) ಈ ಹೆಸರನ್ನು ನಾಡಿಗೆಲ್ಲ ಪರಿಚಯ ಮಾಡಿಸಿದರು. ನಾಡು ಒಂದಾಗಬೇಕೆಂದು ದುಡಿದ ಅವರು ಒಂದಾದ ನಾಡಿಗೆ ಕರ್ನಾಟಕವೆಂಬ ಹೆಸರೇ ಬರಬೇಕೆಂದು ಹಟ ಹಿಡಿದವರು. ಆ ಹೆಸರು ೧೯೭೩ರ ನವೆಂಬರ ೧ರಂದು ಬಂತು. ಅದನ್ನು ಕೇಳಲು ಅವರು ಇರಲಿಲ್ಲ.

ಶಿರಹಟ್ಟಿಯ ಹೆಸರು ಇವೆಲ್ಲಕ್ಕಿಂತ ವಿಶೇಷವಾದುದು. ಫಕೀರ ಎಂಬುದು ಅರಬಿ ಶಬ್ದ. ಬಡವ, ಏನೂ ಇಲ್ಲದವ ಎಂದು ಅದರ ಅರ್ಥ. ಅದಕ್ಕೆ ಕನ್ನಡದ ಅಪ್ಪನು ಕೂಡಿದಾಗ ಫಕೀರಪ್ಪ. ಗೌಡನು ಕೂಡಿದಾಗ ಫಕೀರಗೌಡ. ಸಂಸ್ಕೃತದ ಈಶ್ವರನು ಕೂಡಿದಾಗ ಫಕೀರೇಶ್ವರ. ಬಡವನಾದ ಈಶ್ವರನೆಂಬ ಈ ಸಮಾಸವನ್ನು ಯಾವ ವ್ಯಾಕರಣದವನೂ ಕಟ್ಟಲಿಲ್ಲ. ಭಕ್ತರ ಬಾಯಿ ಕಟ್ಟಿತು. ಶಿರಹಟ್ಟಿಯ ಮಠದ ಮೂಲಪುರುಷರನ್ನು ಬಿಜಾಪುರದ ಸೂಫಿ ಖ್ವಾಜಾ ಅಮೀನುದ್ದೀನರ ಅನುಗ್ರಹದೊಡನೆ ಐತಿಹ್ಯವು ಕೂಡಿಸುವದು. ಹಿಂದೂಗಳೂ ಮುಸಲ್ಮಾನರೂ ಆ ಗದ್ದುಗೆಗೆ ನಡೆದುಕೊಳ್ಳುವರು. ಹೆಸರಿನ ಹರಹು ಶಿರಹಟ್ಟಿಯನ್ನು ದಾಟಿ ದೂರ ಹೋಗಿದೆ. ವಚನಶಾಸ್ತ್ರಸಾರವನ್ನು ೧೯೨೩ರಲ್ಲಿ ಪ್ರಕಟಿಸಿ, ಓಲೆಗರಿಗಳಲ್ಲಿ ಅಡಗಿದ್ದ ಶರಣರ ಮಾತುಗಳನ್ನು ಬೆಳಕಿಗೆ ತಂದ ಫ. ಗು. ಹಳಕಟ್ಟಿಯವರ (೧೮೮೦-೧೯೬೪) ಮೊದಲಕ್ಷರದ ಫಕಾರವು ಈ ಫಕೀರಪ್ಪನೇ. ಲಿಂಗಾಯತ ವಾಙ್ಮಯವನ್ನು ಉಳಿಸಿದವರ ಹೆಸರಿನಲ್ಲಿ ಅರಬಿಯ ಶಬ್ದವಿರುವದು ಯಾರಿಗೂ ಎಂದೂ ತೊಡಕೆನಿಸಲಿಲ್ಲ. ಇದರ ಪಕ್ಕಕ್ಕೆ ಮೊಹರಮ್ಮಿನ ಹರಕೆಯಿಂದ ಹುಟ್ಟಿದ ಹುಸೇನಪ್ಪನನ್ನೂ, ಲಕ್ಷ್ಮೇಶ್ವರದ ಪಶ್ಚಿಮಕ್ಕೆ ಶಿಶುನಾಳದಲ್ಲಿ ಹುಟ್ಟಿ ಗೋವಿಂದಭಟ್ಟರ ಶಿಷ್ಯರಾದ ಶರೀಫರನ್ನೂ (೧೮೧೯-೧೮೮೯) ಇಡಬಹುದು. ಶರೀಫನೆಂದರೆ ಕುಲೀನ, ಸಭ್ಯ.

ಇನ್ನು ಕೇಳುವವರಿಗೆ ನಗೆ ಬರುವಂಥ, ಆದರೆ ಇಟ್ಟವರ ಕಣ್ಣಲ್ಲಿ ನೀರಿದ್ದಂಥ ಹೆಸರುಗಳು. ತಿಪ್ಪಣ್ಣ, ಗುಂಡಪ್ಪ, ಕಲ್ಲಪ್ಪ, ತಿರುಕಪ್ಪ, ಹುಚ್ಚಪ್ಪ. ಹುಟ್ಟಿದ ಕೂಸುಗಳು ಒಂದರ ಹಿಂದೆ ಒಂದು ತೀರಿಹೋದ ಮನೆಯಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೊಬ್ಬರು ಎತ್ತಿಕೊಂಡು ಬಂದಂತೆ ಮಾಡಿ, ಹಿಡಿ ಜೋಳಕ್ಕೋ ದುಡ್ಡಿಗೋ ಅವರಿಂದ ಕೊಂಡುಕೊಳ್ಳುವರು. ಈ ಕೂಸು ನಮ್ಮದಲ್ಲ, ತಿಪ್ಪೆಯಲ್ಲಿ ಸಿಕ್ಕದ್ದು, ಇದನ್ನು ಯಾರೂ ಬಯಸರು ಎಂದು ಮೃತ್ಯುವಿಗೆ ಸುಳ್ಳು ಹೇಳುವ ಉಪಾಯವಿದು. ತೆಲುಗರ ಪೆಂಟಯ್ಯನೂ ತಿಪ್ಪೆಯವನೇ. ಎರಡು ಸಾವಿರ ವರ್ಷಗಳ ಹಿಂದಣ ಇಜಿಪ್ತದೇಶದ ಗ್ರೀಕ ಪತ್ರಗಳಲ್ಲಿ ಕೊಪ್ರೆಯುಸ ಎಂಬ ಪುರುಷನಾಮವು ಸಿಗುವದು. ಅದರ ಅರ್ಥವೂ ತಿಪ್ಪೆಯೆಂದೇ. ಚೀನದ ಹಳ್ಳಿಗಳಲ್ಲಿ ನಾಯಿ ತಿಂದು ಬಿಟ್ಟದ್ದು ಎಂಬರ್ಥದ ಹೆಸರನ್ನು ಮಗನಿಗಿಡುತ್ತಿದ್ದರು. ಗುಂಡಪ್ಪ, ಕಲ್ಲಪ್ಪರಲ್ಲಿ ಮಾತ್ರ ಎರಡು ಎಳೆಗಳಿರುವವು. ಕಲ್ಲಪ್ಪನು ಹಲವೆಡೆ ಕಲ್ಮೇಶ್ವರನ ಒಕ್ಕಲು. ಮತ್ತೆ ಕೆಲವೆಡೆ ಕಲ್ಲಿನಂತೆ ಗಟ್ಟಿಯಾಗಿ ಉಳಿಯಲೆಂಬ ಹಾರೈಕೆ. ಖ್ರಿಸ್ತರ ಮುಖ್ಯ ಶಿಷ್ಯನಾದ ಪೇತ್ರನ ಹೆಸರಿನ ಅರ್ಥವೂ ಗ್ರೀಕದಲ್ಲಿ ಕಲ್ಲೆಂದೇ ಇರುವದರಿಂದ, ರೋಮಿನ ದೊಡ್ಡ ದೇವಾಲಯವನ್ನು ನಮ್ಮವರು ಕಲ್ಲಪ್ಪನ ಗುಡಿಯೆಂದರೆ ಅರ್ಥದೃಷ್ಟಿಯಿಂದ ತಪ್ಪಾಗದು.

ಇಂಥ ಹೀನಾರ್ಥದ ಹೆಸರುಗಳನ್ನು ಪ್ರೀತಿಯಿಂದ ಇಡುವದು ಒಂದು. ಹೀನಾರ್ಥದ ಹೆಸರನ್ನು ವಿಧಿಸುವದು ಇನ್ನೊಂದು. ಈ ಭೇದವನ್ನು ಮರೆಯತಕ್ಕದ್ದಲ್ಲ. ಆಶ್ವಲಾಯನ ಗೃಹ್ಯಸೂತ್ರವು ಗಂಡಿನ ಹೆಸರಿಗೆ ಸಮಸಂಖ್ಯೆಯ ಅಕ್ಷರಗಳು, ಹೆಣ್ಣಿನ ಹೆಸರಿಗೆ ವಿಷಮಸಂಖ್ಯೆಯ ಅಕ್ಷರಗಳು ಇರಬೇಕೆಂದು ಹೇಳಿ ಸುಮ್ಮನಾಯಿತು. ಮನುಸ್ಮೃತಿಯ ಎರಡನೆಯ ಅಧ್ಯಾಯವು ಮುಂದಕ್ಕೆ ಹೋಗಿ, ಬ್ರಾಹ್ಮಣನ ಹೆಸರು ಮಂಗಲಸೂಚಕವೂ ಕ್ಷತ್ರಿಯನದು ಬಲಸೂಚಕವೂ ವೈಶ್ಯನದು ಧನಸೂಚಕವೂ ಇರಲಿ, ಶೂದ್ರನದು ಜುಗುಪ್ಸೆಯನ್ನು ಹುಟ್ಟಿಸುವಂತಿರಲಿ ಎಂದು ಕಟ್ಟಳೆ ಮಾಡಿತು. ಕೂಸು ಇನ್ನೂ ಕಣ್ಣು ತೆರೆಯುವ ಮೊದಲೇ ಅದರ ಕಿವಿಯಲ್ಲಿ ಅದರ ಕೀಳ್ಮೆಯನ್ನು ಉಸುರಬೇಕೆಂಬ ಈ ವಿಧಿಯು ಎಷ್ಟರಮಟ್ಟಿಗೆ ಆಚರಣೆಯಲ್ಲಿತ್ತೆಂಬುದು ಬೇರೆ ಮಾತು, ವಿಧಿಯಂತೂ ಇತ್ತು.

ಹನ್ನೆರಡನೆಯ ಶತಮಾನದ ಶರಣರು ಈ ಕಟ್ಟಳೆಗೆ ಉತ್ತರವಾಗಿ ಶಾಸ್ತ್ರಗ್ರಂಥವನ್ನು ಬರೆಯಲಿಲ್ಲ. ಒಬ್ಬರನ್ನೊಬ್ಬರು ಕರೆಯುವ ರೀತಿಯನ್ನೇ ಬದಲಿಸಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ಸುಂಕದ ಬಂಕಣ್ಣ, ತುರುಗಾಹಿ ರಾಮಣ್ಣ. ಮೊದಲಿಗೆ ಮಾಡುವ ಕಾಯಕ, ನಡುವೆ ತಾಯಿ ಇಟ್ಟ ಹೆಸರು, ಕೊನೆಗೆ ಅಯ್ಯ ಇಲ್ಲವೆ ಅಣ್ಣ. ಅಯ್ಯ ಎಂಬುದು ಸಂಸ್ಕೃತದ ಆರ್ಯದಿಂದ ಬಂತೆಂದು ಕೆಲವು ಪಂಡಿತರೂ, ತಮಿಳು ತೆಲುಗುಗಳಲ್ಲಿಯೂ ಇರುವ ದ್ರಾವಿಡ ಶಬ್ದವೆಂದು ಮತ್ತೆ ಕೆಲವರೂ ಹೇಳುವರು. ಯಾವ ಪಕ್ಷವು ನಿಂತರೂ ಅದು ಗೌರವದ ಮಾತು. ಅದನ್ನು ಚರ್ಮ ಹದ ಮಾಡುವವನಿಗೂ ದೋಣಿ ನಡೆಸುವವನಿಗೂ ಸರಿಯಾಗಿ ಹಂಚಿದುದು ಅಂದಿನ ಕಾಲಕ್ಕೆ ಸಣ್ಣ ಸಾಹಸವಲ್ಲ. ಕಾಯಕವನ್ನು ಹೆಸರಿನಿಂದ ಮರೆಮಾಡಲಿಲ್ಲವೆಂಬುದೂ ಗಮನಾರ್ಹ. ಕಾಶ್ಮೀರದ ಅರಸನಾದ ಮಹಾದೇವ ಭೂಪಾಲನು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಹೊತ್ತು ಮೋಳಿಗೆಯ ಮಾರಯ್ಯನಾದನೆಂದು ಪುರಾಣಗಳು ಹೇಳುವವು. ಅಲ್ಲಿ ಅರಸುಹೆಸರು ಕಳಚಿ ಬಿತ್ತು, ಹೊರೆಯ ಹೆಸರು ಉಳಿಯಿತು.

ಆದರೆ ಮುಂದಿನ ಚರಿತ್ರೆಯನ್ನು ನೋಡಿದರೆ ಒಂದು ಸಂಗತಿಯು ಮನಸ್ಸನ್ನು ಚುಚ್ಚುವದು. ಬಸವ, ಚನ್ನಬಸವ, ಸಿದ್ಧರಾಮ, ಪ್ರಭು ಇವರ ಹೆಸರುಗಳು ಮನೆಮನೆಯಲ್ಲಿಯೂ ಬೆಳೆದವು. ಮಾಚ, ಕೇತ, ಕಕ್ಕ, ಬಂಕ ಇವು ಸೀಮೆಯ ತೊಟ್ಟಿಲುಗಳಲ್ಲಿ ಬಹಳ ಅಪರೂಪವಾದವು. ಹೆಸರುಗಳ ಪೀಳಿಗೆಯೇ ಅಳಿಯುವದು ಜಗತ್ತಿನಲ್ಲಿ ಹೊಸತಲ್ಲ; ೧೦೬೬ರಲ್ಲಿ ನಾರ್ಮನ್ನರು ಇಂಗ್ಲಂಡವನ್ನು ಗೆದ್ದ ತರುವಾಯ ಅಲ್ಲಿಯ ಹಳೆಯ ಹೆಸರುಗಳಲ್ಲಿ ಬಹಳಷ್ಟು ಹಿಂದೆ ಸರಿದು ವಿಲಿಯಮ್, ರಾಬರ್ಟ್, ರಿಚರ್ಡ್ ಎಂಬವೇ ತುಂಬಿಕೊಂಡವು. ನಮ್ಮಲ್ಲಿಯೂ ಬೂತುಗ, ಬಂಕೆಯ, ದುಗ್ಗಮಾರರು ಶಾಸನಗಳಲ್ಲಿಯೇ ಉಳಿದರು. ಆದರೂ ಅಲ್ಲಿ ಗೆದ್ದವರ ಹೆಸರು ಸೋತವರ ಹೆಸರನ್ನು ನುಂಗಿತು. ಇಲ್ಲಿ ಭಕ್ತರೇ ತಮ್ಮ ಶರಣರಲ್ಲಿ ಕೆಲವರ ಹೆಸರನ್ನು ಮಕ್ಕಳಿಗಿಟ್ಟು ಕೆಲವರದನ್ನು ವಚನದ ಕಟ್ಟಿನೊಳಗೆ ಬಿಟ್ಟರು. ನಿತ್ಯ ವಚನ ಪಠಿಸುವ ಮನೆಯಲ್ಲಿ ಕಕ್ಕಯ್ಯನೆಂಬ ಕೂಸು ಏಕಿಲ್ಲವೆಂದು ಯಾರಾದರೂ ಕೇಳಿದರೆ ಉತ್ತರ ಕೊಡುವದು ಸುಲಭವಲ್ಲ. ಚೆನ್ನಯ್ಯನ ಹೆಸರು ಬದುಕಿಕೊಂಡಿತು, ಅದರ ಅರ್ಥವು ಚೆಲುವಾಗಿದ್ದುದರಿಂದ. ಅರಬಿಯ ಹಸನ ಎಂಬ ಹೆಸರಿನ ಅರ್ಥವೂ ಅದೇ.

ಕಿವಿಗೆ ಪರಕೀಯವೆನಿಸುವ ಕೆಲವು ರೂಪಗಳ ಮೂಲವನ್ನು ಇಲ್ಲಿಯೇ ಹೇಳಿಬಿಡಬಹುದು. ಲಿಂಗಪ್ಪನು ನಿಂಗಪ್ಪನಾದುದು ಮುಂದಿರುವ ಅನುನಾಸಿಕದ ಎಳೆತದಿಂದ. ವೀರಭದ್ರನು ಈರಭದ್ರನಾಗಿ ಈರಪ್ಪ, ಈರಣ್ಣನಾದನು. ಬ್ರಹ್ಮ ಶಬ್ದವು ಶರಣರ ಕಾಲದಲ್ಲಿ ಬೊಮ್ಮನಾಗಿ ಕಿನ್ನರಿ ಬೊಮ್ಮಯ್ಯನನ್ನು ಕೊಟ್ಟಿತು. ಅದೇ ಶಬ್ದವು ಮತ್ತೊಮ್ಮೆ ಭರಮವಾಗಿ ಭರಮಪ್ಪನನ್ನು ಕೊಟ್ಟಿತು. ಒಂದೇ ತಾಯಿಯ ಈ ಇಬ್ಬರು ಮಕ್ಕಳು ಈಗ ಒಬ್ಬರನ್ನೊಬ್ಬರು ಗುರುತಿಸರು.

ಹೆಸರಿನ ಬಾಲವಂತೂ ಈ ಸೀಮೆಯಲ್ಲಿ ಒಂದು ಖಾನೇಸುಮಾರಿಯೇ ಸರಿ. ಬೆಟಗೇರಿಯ ಓಣಿಯೊಂದರಲ್ಲಿ ನಿಂತು ಕೂಗಿದರೆ ಅಯ್ಯ ಎಂದು ಮುಗಿಯುವವನು ಬಹುಶಃ ಜಂಗಮ, ಗೌಡನೆಂದು ಮುಗಿಯುವವನು ಊರಗೌಡಕಿಯ ಮನೆತನದವನು, ರಾಯನು ಬ್ರಾಹ್ಮಣ, ಸಾ ಎಂದು ಮುಗಿಯುವವನು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ, ಸಾಬನು ಮುಸಲ್ಮಾನ. ಅಪ್ಪನು ಮ���ತ್ರ ಎಲ್ಲರಿಗೂ ಸಲ್ಲುವನು. ಶರಣರು ಎಲ್ಲರಿಗೂ ಹಂಚಿದ ಅಯ್ಯನು ಕಾಲಕ್ರಮದಲ್ಲಿ ಒಂದು ಪಂಗಡದ ಗುರುತಾದುದನ್ನು ವಾಚಕರು ಗಮನಿಸದೆ ಇರರು.

ಮಠಗಳಲ್ಲಿ ಹೆಸರು ಎರಡನೆಯ ಸಲ ಹುಟ್ಟುವದು. ಪಟ್ಟಾಧಿಕಾರವಾದೊಡನೆ ಪೂರ್ವಾಶ್ರಮದ ಹೆಸರು ಹಿಂದೆ ಬೀಳುವದು. ರೋಮಿನ ಪೋಪರಲ್ಲಿ ಈ ಪದ್ಧತಿಯ ಆರಂಭವು ೫೩೩ರಲ್ಲಿ ಆಯಿತೆನ್ನುವರು. ಆಗ ಆರಿಸಿ ಬಂದವನ ಹುಟ್ಟುಹೆಸರು ಮರ್ಕ್ಯೂರಿಯಸ್. ಅದು ಹಳೆಯ ದೇವತೆಯ ಹೆಸರಾದುದರಿಂದ ಅವನು ಜಾನ್ ಎಂದು ಬದಲಿಸಿಕೊಂಡನು. ನಮ್ಮಲ್ಲಿ ಬದಲಾವಣೆಯ ಕಾರಣ ನಾಚಿಕೆಯಲ್ಲ, ಗುರುಕೃಪೆ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ೧೮೯೨ರಲ್ಲಿ ಹುಟ್ಟಿದ ಕುರುಡು ಬಾಲಕನ ಹೆಸರು ಗದಿಗೆಯ್ಯ, ಅಂದರೆ ಗದ್ದುಗೆಯ ಪ್ರಸಾದವಾಗಿ ಬಂದವನು. ಹಾನಗಲ್ಲ ಕುಮಾರ ಸ್ವಾಮಿಗಳ ಆಶ್ರಯದಲ್ಲಿ ಸಂಗೀತವನ್ನು ಕಲಿತು ಅವನು ಪಂಚಾಕ್ಷರಿ ಗವಾಯಿಗಳೆನಿಸಿ, ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ೧೯೪೪ರಲ್ಲಿ ಲಿಂಗೈಕ್ಯರಾದರು. ಐದಕ್ಷರದ ಮಂತ್ರವೇ ಮನುಷ್ಯನ ಹೆಸರಾಯಿತು. ಅವರ ಶಿಷ್ಯ ಪುಟ್ಟಯ್ಯನು ಪುಟ್ಟರಾಜ ಗವಾಯಿಗಳಾಗಿ ೨೦೧೦ರ ವರೆಗೆ ಬಾಳಿದರು. ಪುಟ್ಟ ಎಂದರೆ ಸಣ್ಣವನು. ಲ್ಯಾಟಿನದ ಪೌಲ ಎಂಬುದರ ಅರ್ಥವೂ ಅದೇ.

ಫ್ರಾನ್ಸ ದೇಶದಲ್ಲಿ ೧೮೦೩ರಲ್ಲಿ ಸರಕಾರವು ಕಾಯದೆ ಮಾಡಿ, ಪಂಚಾಂಗದಲ್ಲಿಯ ಸಂತರ ಮತ್ತು ಪ್ರಾಚೀನ ಚರಿತ್ರೆಯ ಹೆಸರುಗಳ ಹೊರತು ಬೇರೆ ಹೆಸರಿಡಬಾರದೆಂದು ಕಟ್ಟು ಹಾಕಿತು. ಅದು ಪೂರ್ಣವಾಗಿ ಸಡಿಲವಾದುದು ೧೯೯೩ರಲ್ಲಿ. ಗದುಗಿನ ಸೀಮೆಯಲ್ಲಿ ಅಂಥ ಕಾಯದೆ ಯಾವದೂ ಇರಲಿಲ್ಲ. ಆದರೂ ೧೯೯೭ರಲ್ಲಿ ಗದಗ ಜಿಲ್ಲೆಯು ಬೇರೆಯಾಗುವ ಹೊತ್ತಿಗೆ ಶಾಲೆಯ ಹಾಜರಿ ಪುಸ್ತಕಗಳಲ್ಲಿ ಅಪ್ಪ ಅಣ್ಣಗಳು ತೆಳ್ಳಗಾಗಿ, ಈಶ, ರಾಜ, ಕುಮಾರಗಳು ದಟ್ಟವಾಗಿದ್ದವು. ನಿಂಗಪ್ಪನ ಮೊಮ್ಮಗನು ಲಿಂಗರಾಜನಾದರೆ ಹೆಸರು ತನ್ನ ಮೂಲಕ್ಕೆ ತಿರುಗಿದಂತಾಯಿತೆಂದು ಸಮಾಧಾನಪಡಬಹುದು. ತಿಪ್ಪಣ್ಣನ ಮೊಮ್ಮಗನು ಪ್ರಜ್ವಲನಾದರೆ, ಕೂಸು ಉಳಿಯುವದೋ ಇಲ್ಲವೋ ಎಂಬ ಹಳೆಯ ಭಯವು ಮನೆಯಿಂದ ಹೋಯಿತೆಂದು ಸಂತೋಷಪಡಬಹುದು. ಎಷ್ಟೋ ಮನೆಗಳಲ್ಲಿ ಈಗ ಎರಡು ಹೆಸರಿಡುವರು: ಶಾಲೆಗೆ ಒಂದು, ತೊಟ್ಟಿಲಿಗೆ ಒಂದು. ತೊಟ್ಟಿಲಿನ ಹೆಸರನ್ನು ಅಜ್ಜಿ ಆರಿಸುವಳು. ಅದು ಈರಪ್ಪನೋ ಫಕೀರಪ್ಪನೋ ಅಂದಾನಪ್ಪನೋ ಎಂಬುದು ಆ ಮನೆಯವರು ಯಾವ ಜಾತ್ರೆಗೆ ಬಂಡಿ ಕಟ್ಟುತ್ತಿದ್ದರೆಂಬುದರ ಮೇಲಿಂದ ನಿಶ್ಚಯವಾಗುವದು.